ಎರಡು ಬ್ರೇಕಿನ ಕಾರು

ಹನ್ನೆರಡು ವರ್ಷದ ಸಂಸಾರದಲ್ಲಿ ಅಣ್ಣ ಅತ್ತಿಗೆ ಜಗಳವಿಲ್ಲದೆ ಒಪ್ಪಿಕೊಂಡ ವಿಷಯಗಳು ಎರಡೇ ಎರಡು. ಒಂದು, ಇನ್ನು ಮುಂದೆ ಬೇರೆ ಬೇರೆ ಇರುವುದು. ಇನ್ನೊಂದು, ಅದನ್ನು ಮಕ್ಕಳಿಗೆ ಚಿಕ್ಕಪ್ಪ ಹೇಳುವುದು.

ಚಿಕ್ಕಪ್ಪನನ್ನು ಯಾರೂ ಕೇಳಿರಲಿಲ್ಲ. ಅವನು ಬೆಳಿಗ್ಗೆ ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡು, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತಿದ್ದ.

"ಇವತ್ತು ಸಂಜೆ ಮಕ್ಕಳನ್ನ ಸ್ಕೂಲಿಂದ ನೀನೇ ಕರ್ಕೊಂಡು ಬಾ. ದಾರೀಲಿ ಮೆಲ್ಲಗೆ ಹೇಳ್ಬಿಡು," ಅಂದ ಅಣ್ಣ.

"ನಾನಾ? ಇಂಥ ವಿಷಯ ನಾನು ಹೇಗಣ್ಣಾ ಹೇಳ್ಲಿ?"

"ಮಕ್ಕಳು ನಿನ್ನ ಮಾತು ಕೇಳ್ತವೆ ಕಣೋ."

"ನನ್ನ ಮಾತು ಯಾರು ಕೇಳ್ತಾರೆ? ಬ್ರೇಕ್ ಒತ್ತಿ ಅಂದ್ರೆ ಆಕ್ಸಿಲರೇಟರ್ ಒತ್ತೋ ಜನಾನೇ ನನಗೆ ಗಂಟುಬಿದ್ದಿರೋದು."

ಫೋನು ಅತ್ತಿಗೆಯ ಕೈಗೆ ಹೋಯಿತು. "ಇದೊಂದು ಉಪಕಾರ ಮಾಡಿ. ನಾವಿಬ್ರೂ ಒಟ್ಟಿಗೆ ಕೂತು ಹೇಳೋಕೆ ಹೋದ್ರೆ ಅದೂ ಜಗಳದಲ್ಲೇ ಮುಗಿಯುತ್ತೆ. ಆಮೇಲೆ, ಅತ್ತೆಗೆ ಮಾತ್ರ ಈಗಲೇ ಗೊತ್ತಾಗೋದು ಬೇಡ. ಭಾನುವಾರ ಇವರೇ ಬಂದು ಹೇಳ್ತಾರೆ."

"ನಾನೊಬ್ನೇನಾ? ಇಬ್ರೂ ಹೋಗಿ ಹೇಳೋದು ಅಂತ ಆಗಿತ್ತಲ್ಲ!" ಹಿಂದಿನಿಂದ ಅಣ್ಣನ ದನಿ ಕೇಳಿತು. "ಯಾವಾಗ ಆಗಿತ್ತು?" ಎಂದು ಅತ್ತಿಗೆ. ಮಾತು ಏರತೊಡಗಿತು. ಜಗಳವೆಂದರೆ ಚಿಕ್ಕಪ್ಪನಿಗೆ ಆಗದು. ಅದು ನಿಂತರೆ ಸಾಕೆಂದು, "ಪರವಾಗಿಲ್ಲ, ಪರವಾಗಿಲ್ಲ, ನಾನೇ ಹೇಳ್ತೀನಿ ಬಿಡಿ," ಎಂದುಬಿಟ್ಟ.

ಅವನ ಕಷ್ಟಗಳೆಲ್ಲ ಶುರುವಾಗುತ್ತಿದ್ದುದು ಈ ಒಂದು ಮಾತಿನಿಂದಲೇ. ಅವನು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವ ಮೇಷ್ಟ್ರು. ಕಲಿಯುವವರು ಕಂಬಕ್ಕೆ ಗುದ್ದಿದರೂ ಪರವಾಗಿಲ್ಲ, ಚರಂಡಿಗೆ ಇಳಿಸಿದರೂ ಪರವಾಗಿಲ್ಲ. ಹಾಗಾಗಿ ಅವನ ಹೆಸರನ್ನೇ ಜನ ಮರೆತು 'ಪರವಾಗಿಲ್ಲ ಮೇಷ್ಟ್ರು' ಎಂದು ಕರೆಯುತ್ತಿದ್ದರು. ಯಾರ ಮನಸ್ಸನ್ನೂ ನೋಯಿಸಲಾರದವನು, ಒಳ್ಳೆಯವನು, ಅಂದರೆ ಎಲ್ಲರ ಮೂಟೆಯನ್ನೂ ಹೊರುವವನು. ನಲವತ್ತು ಹತ್ತಿರವಾದರೂ ಮದುವೆಯಾಗಿರಲಿಲ್ಲ. ಹುಡುಗಿ ನೋಡಲು ಹೋದಾಗಲೂ ಆ ಹುಡುಗಿಗೆ ಬೇರೆ ಯಾರ ಮೇಲೋ ಮನಸ್ಸಿದೆ ಎಂದು ತಿಳಿದು, ಪರವಾಗಿಲ್ಲ ಎಂದು ಹರಸಿ ಬಂದಿದ್ದ.

ಅವನು ಕಲಿಸುವ ಕಾರಿಗೆ ಎರಡು ಬ್ರೇಕು. ಕಲಿಯುವವರ ಕಾಲ ಕೆಳಗೆ ಒಂದು, ಪಕ್ಕದಲ್ಲಿ ಕೂರುವ ಮೇಷ್ಟ್ರ ಕಾಲ ಕೆಳಗೆ ಇನ್ನೊಂದು. ವರ್ಷಗಟ್ಟಲೆ ಅಪಾಯ ಕಂಡ ಕೂಡಲೇ ಒತ್ತಿ ಒತ್ತಿ ಅವನ ಬಲಗಾಲಿಗೆ ಅದೇ ಅಭ್ಯಾಸವಾಗಿಹೋಗಿತ್ತು. ಊಟಕ್ಕೆ ಕೂತಾಗ ಯಾರಾದರೂ ಕಹಿ ಸುದ್ದಿ ಎತ್ತಿದರೆ ಮೇಜಿನ ಕೆಳಗೆ ಅವನ ಕಾಲು ನೆಲ ಒತ್ತುತ್ತಿತ್ತು.

ಗಡ್ಡದ ಉಳಿದರ್ಧ ಕೆರೆಯುವಾಗಲೂ ಒತ್ತಿತು. ಮಕ್ಕಳು ಅಳುತ್ತಾರಲ್ಲ ಎಂಬ ಸಂಕಟ ಒಂದು ಕಡೆ. ಅದಕ್ಕಿಂತ ಒಳಗೆ, ಯಾರಿಗೂ ಹೇಳಿಕೊಳ್ಳಲಾಗದ ಇನ್ನೊಂದು ಸಂಕಟವಿತ್ತು. ಅತ್ತಿಗೆ ಮಕ್ಕಳನ್ನು ಕರೆದುಕೊಂಡು ಊರಿನ ಆಚೆ ತುದಿಯ ಮನೆಗೆ ಹೋಗುವವಳಿದ್ದಳು. ಇಷ್ಟು ವರ್ಷ ಅಣ್ಣನ ಮನೆ ಎಂದು ಶನಿವಾರ ಶನಿವಾರ ಹೋಗಿ ಮಕ್ಕಳನ್ನು ಕಾರಿನಲ್ಲಿ ಹೇರಿಕೊಂಡು ಬರುತ್ತಿದ್ದ. ಇನ್ನು ಅಣ್ಣನಿಲ್ಲದ ಮನೆಗೆ ಮೈದುನ ಏನೆಂದು ಹೋಗಿ ಬಾಗಿಲು ತಟ್ಟುವುದು? ಈ ಪ್ರಶ್ನೆಗೆ ಉತ್ತರ ಕೊಡುವವರು ಯಾರೂ ಇರಲಿಲ್ಲ. ಕೇಳುವ ಧೈರ್ಯ ಅವನಿಗೂ ಇರಲಿಲ್ಲ.

ಬೆಳಗಿನ ಮೊದಲ ಪಾಠ ಟೀಚರಮ್ಮನದು. ಹೆಡ್‌ಮಿಸ್ ಆಗಿ ನಿವೃತ್ತರಾದ ಮೇಲೆ ಕಾರು ಕಲಿಯುವ ಮನಸ್ಸು ಮಾಡಿದವರು. ವರ್ಷದ ಮೇಲಾದರೂ ಕಲಿಯುತ್ತಲೇ ಇದ್ದರು. ನಿಮಗೆ ಇದು ಬರುವುದಿಲ್ಲ ಎನ್ನಲು ಮೇಷ್ಟ್ರಿಗೆ ಬಾಯಿ ಬಂದಿರಲಿಲ್ಲ. ಅವರು ಅವನ ಅಮ್ಮನ ಸಂಜೆ ವಾಕಿಂಗಿನ ಜೊತೆಗಾತಿಯೂ ಹೌದು. ಅವರ ಮುಂದೆ ಬಾಯಿ ಬಿಡುವುದೆಂದರೆ ಹುಲಿಯ ಬಾಯಿಗೆ ತಲೆ ಕೊಟ್ಟಂತೆ. ಆದರೆ ಆ ಊರಿನಲ್ಲಿ ಮಕ್ಕಳ ಮನಸ್ಸು ಬಲ್ಲವರು ಅವರನ್ನು ಬಿಟ್ಟು ಇನ್ನಾರೂ ಅವನಿಗೆ ಗೊತ್ತಿರಲಿಲ್ಲ.

"ಟೀಚರಮ್ಮ, ನನಗೊಬ್ಬ ಸ್ನೇಹಿತ ಇದ್ದಾನೆ."

"ಸಂತೋಷ. ಈಗ ಸೆಕೆಂಡ್ ಗೇರ್ ಹಾಕ್ಲೇನಪ್ಪಾ?"

"ಹಾಕಿ. ಅವನು ಮಕ್ಕಳಿಗೆ ಒಂದು ವಿಷಯ ಹೇಳ್ಬೇಕು. ಅದೇ, ಅವರ ಅಪ್ಪ ಅಮ್ಮ..."

ಕಾರು ಗಕ್ಕನೆ ನಿಂತಿತು. ಟೀಚರಮ್ಮನ ಕನ್ನಡಕ ಮೂಗಿನ ತುದಿಗೆ ಬಂತು. "ನಾನೇನು ತಪ್ಪು ಮಾಡ್ದೆ?"

"ನೀವಲ್ಲ, ನನ್ನ ಕಾಲು. ಪರವಾಗಿಲ್ಲ, ಹೊರಡಿ."

ಹೊರಟರು. ಮತ್ತೆ ಅಪ್ಪ ಅಮ್ಮ ಎನ್ನುವಲ್ಲಿಗೆ ಮತ್ತೆ ನಿಂತಿತು. ಹಿಂದೆ ಬರುತ್ತಿದ್ದವರು ಹಾರ್ನ್ ಹೊಡೆದು, ತಲೆ ಹೊರಗೆ ಹಾಕಿ, ಎಲ್ ಬೋರ್ಡ್ ನೋಡಿ ಸುಮ್ಮನಾದರು. ಮೂರನೆಯ ಸಲ ನಿಂತಾಗ ಟೀಚರಮ್ಮ ಕಾರನ್ನು ಮರೆತು ಅವನ ಕಡೆ ಪೂರ್ತಿ ತಿರುಗಿದರು. "ಡೈವೋರ್ಸಾ?"

ಮೇಷ್ಟ್ರು ತಲೆ ಆಡಿಸಿದ.

"ಅಯ್ಯೋ. ಮಕ್ಕಳಿಗೆಷ್ಟು ವಯಸ್ಸು?"

"ದೊಡ್ಡೋಳಿಗೆ ಹತ್ತು, ಚಿಕ್ಕೋನಿಗೆ ಆರು. ದೊಡ್ಡೋಳು ಬಲು ಜೋರು, ಪ್ರತಿಯೊಂದಕ್ಕೂ ತೀರ್ಪು ಕೊಡ್ತಾಳೆ. ಚಿಕ್ಕೋನು ಪಾಪದೋನು, ನಿದ್ದೆ ಬಂದ್ರೆ ನನ್ನ ಭುಜದ ಮೇಲೇ..."

"ನಿನ್ನ ಭುಜದ ಮೇಲೆ?"

"ಅಂದ್ರೆ... ನನ್ನ ಸ್ನೇಹಿತನ ಭುಜದ ಮೇಲೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಟೀಚರಮ್ಮ ಎಷ್ಟೋ ವರ್ಷ ಹೋಮ್‌ವರ್ಕ್ ಮಾಡದ ಮಕ್ಕಳ ಮುಖ ನೋಡಿ ಪಳಗಿದವರು; ಅವರಿಗೆ ಅಷ್ಟು ಸಾಕಾಯಿತು. ಅವನ ಅಣ್ಣ ಅತ್ತಿಗೆ ಹಾಲು ಜೇನಿನಂತೆ ಇದ್ದಾರೆಂದು ಅಮ್ಮ ದಿನವೂ ಪಾರ್ಕಿನಲ್ಲಿ ಹೇಳಿ ಹೇಳಿ ಅವರಿಗೆ ಬಾಯಿಪಾಠವಾಗಿದ್ದರಿಂದ ಆ ಕಡೆಗೆ ಅವರ ಯೋಚನೆಯೇ ಹರಿಯಲಿಲ್ಲ. ಈ ಬ್ರಹ್ಮಚಾರಿಗೆ ಎಲ್ಲೋ ಗುಟ್ಟಾಗಿ ಒಂದು ಸಂಸಾರವಿದೆ. ಅದೂ ಈಗ ಮುರಿದುಬೀಳುತ್ತಿದೆ. ಅವರ ಕಣ್ಣು ತುಂಬಿ ಬಂತು. ಕಣ್ಣು ಒರೆಸಿಕೊಳ್ಳಲು ಎರಡೂ ಕೈಗಳನ್ನು ಸ್ಟೀರಿಂಗ್‌ನಿಂದ ತೆಗೆದರು. ಕ್ಲಚ್ಚಿನಿಂದ ಕಾಲೂ ಎತ್ತಿದರು. ಕಾರು ಯಾರ ಅಪ್ಪಣೆಯನ್ನೂ ಕೇಳದೆ ರಸ್ತೆ ಬದಿಯಲ್ಲಿ ಪೊರಕೆ ಮಾರುವವನ ಗಾಡಿಯ ಕಡೆ ಹೊರಟಿತು.

ಈ ಸಲ ಬ್ರೇಕು ನಿಜವಾಗಿ ಬೇಕಾಗಿತ್ತು, ಮೇಷ್ಟ್ರು ಒತ್ತಿದ. ಯಾರಿಗೂ ಏನೂ ಆಗಲಿಲ್ಲ. ಗಾಬರಿಯಲ್ಲಿ ರಿವರ್ಸ್ ತೆಗೆದು ತಿರುಗಿಸುವಾಗ ಮಾತ್ರ ಒಂದು ಪೊರಕೆ ಹಿಂದಿನ ಬಂಪರಿಗೆ ಸಿಕ್ಕಿಹಾಕಿಕೊಂಡು ಬಾಲದಂತೆ ನಿಂತಿತು. ಎಳೆದರೆ ಬರಲಿಲ್ಲ. ಪೊರಕೆಯವನು ದುಡ್ಡು ತೆಗೆದುಕೊಂಡು, "ಇರ್ಲಿ ಬಿಡಿ ಸಾರ್, ಚೆನ್ನಾಗಿ ಕಾಣುತ್ತೆ," ಅಂದ.

ಕಾರಿನಿಂದ ಇಳಿಯುವ ಮೊದಲು ಟೀಚರಮ್ಮ ಅವನ ಕೈ ಹಿಡಿದುಕೊಂಡರು. "ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತ ಗಾದೆ ಸುಮ್ನೆ ಆಗಿಲ್ಲಪ್ಪ. ಮಕ್ಕಳ ಹತ್ರ ಪೀಠಿಕೆ ಹಾಕ್ಬೇಡ, ವಿಷಯ ಮೊದಲು ಹೇಳು. ಇದು ನಿಮ್ಮಿಂದ ಆಗಿದ್ದಲ್ಲ ಅಂತ ಬಿಡಿಸಿ ಹೇಳು. ಮಕ್ಕಳು ಲೋಟ ಒಡೆದ್ರೂ ತಮ್ಮಿಂದ, ಮನೆ ಒಡೆದ್ರೂ ತಮ್ಮಿಂದ ಅಂತ ಅಂದ್ಕೋತವೆ."

"ನನ್ನ ಸ್ನೇಹಿತನಿಗೆ ಹೇಳ್ತೀನಿ."

"ಹೇಳಪ್ಪ, ಹೇಳು," ಎಂದು ಅವರು ತಲೆ ಸವರಿದರು.

ಅವನು ಎರಡು ಪಾಠ ಮುಗಿಸಿ ಡ್ರೈವಿಂಗ್ ಸ್ಕೂಲಿನ ಆಫೀಸಿಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಬಂದು ಕುರ್ಚಿ ಹಾಕಿಕೊಂಡು ಕೂತಿತ್ತು. ಯಜಮಾನರು, ಎಂದೂ ಯಾರಿಗೂ ಟೀ ತರಿಸದವರು, ಅವನಿಗೆಂದೇ ಟೀ ತರಿಸಿದ್ದರು. ಬಿಸ್ಕತ್ತು ಬೇರೆ.

"ಏನಯ್ಯಾ, ಇಷ್ಟು ವರ್ಷ ಒಟ್ಟಿಗೆ ಇದ್ದು ನಮ್ಮ ಹತ್ರಾನೇ ಮುಚ್ಚಿಟ್ಯಲ್ಲ?"

"ಏನು ಯಜಮಾನ್ರೇ?"

"ಹೆಂಡ್ತಿ ಮಕ್ಕಳ ವಿಷಯ."

"ಅಯ್ಯೋ, ನನಗೆ ಮದುವೇನೇ ಆಗಿಲ್ಲ!"

"ಅದನ್ನೇ ನಾನೂ ಹೇಳ್ತಿರೋದು. ಯಾರಿಗೂ ಹೇಳ್ದೆ ಆಗಿದೀಯ."

ಇದಕ್ಕೆ ಏನು ಹೇಳುವುದು? ನನ್ನದಲ್ಲ ಎಂದರೆ, ಮತ್ತೆ ಯಾರದು ಎಂದು ಕೇಳುತ್ತಾರೆ. ಯಾರದೆಂದು ಹೇಳಿದರೆ ಸಂಜೆಯೊಳಗೆ ಅಮ್ಮನ ಕಿವಿಗೆ ಬೀಳುತ್ತದೆ, ಅತ್ತಿಗೆಗೆ ಕೊಟ್ಟ ಮಾತು ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಕೊನೆಗೆ ಅವನು ಅಭ್ಯಾಸಬಲದಿಂದ, "ಪರವಾಗಿಲ್ಲ ಬಿಡಿ," ಅಂದ.

"ಒಪ್ಕೊಂಡ," ಎಂದರು ಯಜಮಾನರು. "ನೋಡು, ನನ್ನ ಮಾತು ಕೇಳು. ಮಕ್ಕಳಿಗೆ ಮೊದಲು ಐಸ್‌ಕ್ರೀಂ ಕೊಡ್ಸು. ಬಾಯಿ ತಣ್ಣಗಿದ್ರೆ ಅಳು ಅರ್ಧ ಕಮ್ಮಿ." ಆಮೇಲೆ ಒಂದು ಬಿಸ್ಕತ್ತನ್ನು ಮುರಿಯುತ್ತಾ, "ನನ್ನ ಅಪ್ಪ ಅಮ್ಮ ನಮಗೆ ಏನೂ ಹೇಳ್ಲೇ ಇಲ್ಲ. ಒಂದಿನ ಅಪ್ಪನ ಚಪ್ಪಲಿ ಬಾಗಿಲಲ್ಲಿ ಇರ್ಲಿಲ್ಲ, ಅಷ್ಟೇ," ಅಂದರು. ಮೇಷ್ಟ್ರು ಟೀ ಲೋಟ ಕೆಳಗಿಟ್ಟ.

ಮಧ್ಯಾಹ್ನದ ಪಾಠಕ್ಕೆ ಬಂದವನು ಮುಂದಿನ ತಿಂಗಳು ಮದುವೆಯಾಗಲಿರುವ ಹುಡುಗ. ಅವನಿಗೂ ಸುದ್ದಿ ಮುಟ್ಟಿತ್ತು. ದೊಡ್ಡ ಸರ್ಕಲಿನ ನಟ್ಟನಡುವೆ ಗಾಡಿ ಬಂದಾಗ ಕೇಳಿದ, "ಸಾರ್, ನಿಮ್ಮಂಥ ಸಾಧು ಮನುಷ್ಯರದ್ದೇ ಹೀಗಾದ್ರೆ ನಮ್ಮ ಗತಿ ಏನು? ಮದುವೆ ಆಗ್ಲೋ ಬೇಡ್ವೋ?"

"ಗ್ರೀನ್ ಬಿದ್ದಿದೆ, ಮುಂದಕ್ಕೆ ಹೋಗಪ್ಪ."

"ಇಲ್ಲ ಸಾರ್, ಮೊದ್ಲು ಇದು ಇತ್ಯರ್ಥ ಆಗ್ಲಿ," ಎಂದು ಆ ಹುಡುಗ ಅಲ್ಲೇ ಇಂಜಿನ್ ಆಫ್ ಮಾಡಿ, ಮದುವೆಯಾಗುವ ಹುಡುಗಿಗೆ ಫೋನು ಹಚ್ಚಿದ. "ಹಲೋ, ಒಂದು ವೇಳೆ ನಮ್ಮಿಬ್ರಿಗೂ ಆಗ್ದೇ ಹೋದ್ರೆ ಮಕ್ಕಳಿಗೆ ಯಾರು ಹೇಳೋದು? ನೀನಾ, ನಾನಾ?" ನಾಲ್ಕು ದಿಕ್ಕಿನ ಹಾರ್ನು ಒಟ್ಟಿಗೆ ಮೊಳಗಿದವು. ಆ ಹುಡುಗಿ ಏನು ಹೇಳಿದಳೋ ತಿಳಿಯದು. ಹುಡುಗ ಬೆವರು ಒರೆಸಿಕೊಂಡು, "ಮೊದ್ಲು ಮದುವೆಗೆ ಸೂಟು ಹೊಲಿಸ್ಕೊ ಅಂದ್ಲು ಸಾರ್," ಎಂದು ಗಾಡಿ ತೆಗೆದ.

ಸಂಜೆ ಸ್ಕೂಲಿನ ಗೇಟಿನ ಮುಂದೆ ಪೊರಕೆಬಾಲದ ಕಾರು ನಿಂತಾಗ ಮಕ್ಕಳಿಬ್ಬರೂ ಓಡಿಬಂದರು. ದೊಡ್ಡವಳನ್ನು ಮನೆಯಲ್ಲಿ ಜಡ್ಜಮ್ಮ ಎಂದೇ ಕರೆಯುತ್ತಿದ್ದರು. ಯಾರು ಸರಿ, ಯಾರು ತಪ್ಪು, ಯಾರಿಗೆ ಕೊನೆಯ ಬಿಸ್ಕತ್ತು ಎಂಬುದೆಲ್ಲ ಅವಳ ಇಲಾಖೆ. ಚಿಕ್ಕವನು ಗುಂಡ. ಅವನ ಹಲ್ಲು ಎರಡು ಬಿದ್ದಿದ್ದವು, ಮೂರನೆಯದು ಅಲ್ಲಾಡುತ್ತಿತ್ತು.

"ಚಿಕ್ಕಪ್ಪಾ, ಕಾರು ರಸ್ತೆ ಗುಡಿಸ್ಕೊಂಡು ಬಂತಾ?" ಎಂದು ಗುಂಡ ಬಿದ್ದು ಬಿದ್ದು ನಕ್ಕ. ಆ ನಗು ನೋಡಿ ಚಿಕ್ಕಪ್ಪ ಮುಖ ತಿರುಗಿಸಿಕೊಂಡ. ಇನ್ನು ಸ್ವಲ್ಪ ಹೊತ್ತಿಗೆ ಈ ನಗುವನ್ನು ತಾನೇ ಕಿತ್ತುಕೊಳ್ಳಬೇಕಲ್ಲ.

"ಐಸ್‌ಕ್ರೀಂ ತಿನ್ನೋಣ್ವಾ?" ಅಂದ.

ಅಕ್ಕ ತಮ್ಮ ಮುಖ ಮುಖ ನೋಡಿಕೊಂಡರು. "ಓ, ಐಸ್‌ಕ್ರೀಮಾ?" ಎಂದಳು ಜಡ್ಜಮ್ಮ, ಡಾಕ್ಟರು ಸೂಜಿ ಎತ್ತಿದಾಗ ದೊಡ್ಡವರು ಹೇಳುವ ದನಿಯಲ್ಲಿ. "ಸರಿ, ನಡಿ."

ಅಂಗಡಿಯವನು ಇವರನ್ನು ಕಂಡ ಕೂಡಲೇ, "ಏನಮ್ಮಾ, ಈ ವಾರ ಬಹಳ ಜೋರು!" ಅಂದ. ಮಕ್ಕಳನ್ನು ಅಣ್ಣ ಅತ್ತಿಗೆ ಹೀಗೆ ಮುದ್ದು ಮಾಡಿ ಕೆಡಿಸುತ್ತಿದ್ದಾರಲ್ಲ ಎಂದುಕೊಂಡನೇ ಹೊರತು ಚಿಕ್ಕಪ್ಪನಿಗೆ ಬೇರೇನೂ ಹೊಳೆಯಲಿಲ್ಲ.

ಐಸ್‌ಕ್ರೀಂ ಮುಗಿಸಿ ಅವರು ಹೋದದ್ದು ಕಾರು ಕಲಿಸುವ ಮೈದಾನಕ್ಕೆ. ಹಳೆಯ ಟೈರು, ಡ್ರಮ್ಮು ಇಟ್ಟು ಎಂಟರ ಆಕಾರದಲ್ಲಿ ದಾರಿ ಮಾಡಿದ್ದ ಆ ಜಾಗ ಮೂವರಿಗೂ ಶನಿವಾರದ ಸ್ವರ್ಗ. ಇಂದು ಶನಿವಾರವಲ್ಲದಿದ್ದರೂ ಜಡ್ಜಮ್ಮ ಹಕ್ಕಿನಿಂದ ಮುಂದೆ, ಮೇಷ್ಟ್ರ ಸೀಟಿನಲ್ಲಿ ಕೂತಳು. ಗುಂಡ ಹಿಂದಿನಿಂದ ಇಬ್ಬರ ನಡುವೆ ತಲೆ ತೂರಿಸಿದ. ಚಿಕ್ಕಪ್ಪ ಡ್ರೈವರ್ ಸೀಟಿನಲ್ಲಿ ಕೂತು, ನಡಿಗೆಯ ವೇಗದಲ್ಲಿ ಟೈರುಗಳ ನಡುವೆ ಕಾರು ಬಿಟ್ಟ.

"ಮಕ್ಕಳೇ, ನಿಮಗೊಂದು ವಿಷಯ ಹೇಳ್ಬೇಕು. ನಿಮ್ಮ ಅಪ್ಪ ಅಮ್ಮ..."

ಕಾರು ಗಕ್ಕನೆ ನಿಂತಿತು. ಚಿಕ್ಕಪ್ಪ ತನ್ನ ಕಾಲು ನೋಡಿಕೊಂಡ. ಅದು ಬ್ರೇಕಿನ ಮೇಲೆ ಇರಲಿಲ್ಲ. ಪಕ್ಕಕ್ಕೆ ನೋಡಿದ. ಜಡ್ಜಮ್ಮ ಸೀಟಿನಿಂದ ಜಾರಿ, ತುದಿಗಾಲಿನಿಂದ ಮೇಷ್ಟ್ರ ಬ್ರೇಕನ್ನು ಒತ್ತಿ ಹಿಡಿದಿದ್ದಳು.

"ಯಾಕೆ ಪುಟ್ಟಾ?"

"ನೀನು ಅಳ್ತಾ ಇದ್ದೀಯ. ಅಳ್ತಾ ಗಾಡಿ ಓಡಿಸ್ಬಾರ್ದು," ಅಂದಳು. "ನಿಲ್ಲಿಸಿ ಹೇಳು."

ನಿಜವಾಗಿ ಅವನ ಕೆನ್ನೆ ಒದ್ದೆಯಾಗಿತ್ತು. ಇಂಜಿನ್ ಆಫ್ ಮಾಡಿದ. ಟೀಚರಮ್ಮ ಹೇಳಿದಂತೆ ವಿಷಯ ಮೊದಲು ಹೇಳಲು ಹೋದ. ಬಾಯಿಗೆ ಬಂದದ್ದು ಕಾರು.

"ನೋಡಿ, ಈ ಕಾರಲ್ಲಿ ಬ್ರೇಕ್ ಎರಡಿದೆ. ಸ್ಟೀರಿಂಗ್ ಎಷ್ಟಿದೆ?"

"ಒಂದು," ಅಂದ ಗುಂಡ.

"ಒಂದೇ. ನಿಮ್ಮಪ್ಪಂಗೆ ಒಂದು ಕಡೆ ಹೋಗ್ಬೇಕು, ಅಮ್ಮಂಗೆ ಇನ್ನೊಂದು ಕಡೆ. ಇಬ್ರೂ ಒಳ್ಳೇ ಡ್ರೈವರ್ರೇ. ಆದ್ರೆ ಒಂದೇ ಸ್ಟೀರಿಂಗ್ ಹಿಡ್ಕೊಂಡು ಆ ಕಡೆ ಈ ಕಡೆ ಎಳೆದು ಎಳೆದು ಕೈ ನೋವು ಬಂದ್ಬಿಟ್ಟಿದೆ. ಅದಕ್ಕೆ ಇನ್ಮೇಲೆ ಎರಡು ಕಾರು, ಎರಡು ಮನೆ. ನಿಮ್ಮಿಬ್ರಿಗೂ ಎರಡು ಕಾರಲ್ಲೂ ಜಾಗ ಇರುತ್ತೆ. ಎರಡ್ರಲ್ಲೂ ಕಿಟಕಿ ಪಕ್ಕದ ಸೀಟು." ಅವನು ಉಸಿರು ಎಳೆದುಕೊಂಡ. "ಇದು ನಿಮ್ಮಿಂದ ಆಗಿದ್ದಲ್ಲ. ಗುಂಡ ಹಾಲು ಚೆಲ್ಲಿದ್ದಕ್ಕಲ್ಲ, ನೀನು ಎದುರು ಮಾತಾಡಿದ್ದಕ್ಕಲ್ಲ. ಹಿಂದಿನ ಸೀಟಲ್ಲಿ ಕೂತೋರು ಕಾರು ಕೆಡ್ಸೋಕೆ ಆಗಲ್ಲ."

ಅಳು ಯಾವ ಕಡೆಯಿಂದ ಶುರುವಾಗುತ್ತದೋ ಎಂದು ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡು ಕಾದ.

"ಚೆನ್ನಾಗಿತ್ತು," ಎಂದಳು ಜಡ್ಜಮ್ಮ.

"ಏನು?"

"ನೀನು ಹೇಳಿದ್ದು. ಅಮ್ಮ ಎರಡು ಮರ, ಎರಡು ಗೂಡು, ಅಂತ ಏನೇನೋ ಹೇಳಿದ್ಲು. ಅಪ್ಪ ರೈಲಿನ ಹಳಿ ಅಂತ ಶುರು ಮಾಡಿ ಅರ್ಧಕ್ಕೇ ಬಿಟ್ಟ. ಮೂರ್ರಲ್ಲಿ ನಿಂದೇ ಫಸ್ಟ್."

ಚಿಕ್ಕಪ್ಪ ಕಣ್ಣು ಬಿಟ್ಟ. ಜಡ್ಜಮ್ಮ ಬಿಡಿಸಿ ಹೇಳಿದ ವಿಷಯ ಹೀಗಿತ್ತು. ಇಬ್ಬರೂ ಒಟ್ಟಿಗೆ ಹೇಳಬೇಕೆಂದು ಮೊದಲು ಒಪ್ಪಂದವಾಗಿತ್ತಂತೆ. ಗಂಡ ಹೇಳಿದರೆ ಕೆಡಿಸಿಬಿಡುತ್ತಾನೆಂದು ಅತ್ತಿಗೆ ಒಂದು ಸಂಜೆ ತಾನೊಬ್ಬಳೇ ಐಸ್‌ಕ್ರೀಂ ಕೊಡಿಸಿ ಹೇಳಿ, ಅಪ್ಪನಿಗೆ ಹೇಳಬೇಡಿ ಎಂದು ಆಣೆ ಹಾಕಿಸಿಕೊಂಡಿದ್ದಳು. ಹೆಂಡತಿ ಹೇಳಿದರೆ ಅಳಿಸಿಬಿಡುತ್ತಾಳೆಂದು ಅಣ್ಣ ಇನ್ನೊಂದು ಸಂಜೆ ಅದೇ ಅಂಗಡಿಯಲ್ಲಿ ಐಸ್‌ಕ್ರೀಂ ಕೊಡಿಸಿ ಹೇಳಿ, ಅಮ್ಮನಿಗೆ ಹೇಳಬೇಡಿ ಎಂದಿದ್ದ. ಈಗ ಒಟ್ಟಿಗೆ ಹೇಳಲು ಕೂತರೆ ಗುಟ್ಟು ರಟ್ಟಾಗುತ್ತದೆ. ಅದಕ್ಕೇ ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಚಿಕ್ಕಪ್ಪ ನೆನಪಾಗಿದ್ದ.

"ಮತ್ತೆ ನನಗ್ಯಾಕೆ ಹೇಳಿದ್ರಿ?"

"ನಿನಗೆ ಹೇಳ್ಬೇಡಿ ಅಂತ ಯಾರೂ ಹೇಳಿರ್ಲಿಲ್ವಲ್ಲ," ಎಂದು ಜಡ್ಜಮ್ಮ ಕಾನೂನು ಹೇಳಿದಳು.

"ಗೊತ್ತಿದ್ದೂ ಸುಮ್ನೆ ಕೂತು ಕೇಳಿದ್ರಲ್ಲೋ! ಮೊದಲೇ ಹೇಳಿದ್ರೆ ನನಗೆ ಇಡೀ ದಿನದ ಸಂಕಟ ತಪ್ತಿತ್ತು."

ಜಡ್ಜಮ್ಮ ಕಿಟಕಿಯ ಆಚೆ ನೋಡಿದಳು. ಗುಂಡ ಅಲ್ಲಾಡುವ ಹಲ್ಲನ್ನು ನಾಲಿಗೆಯಿಂದ ತಳ್ಳುತ್ತಾ ಹೇಳಿದ, "ಅಮ್ಮ, ನಾನು ಯಾವಾಗ್ಲೂ ಅಮ್ಮಾನೇ ಅಂದ್ಲು. ಅಪ್ಪ, ನಾನು ಯಾವಾಗ್ಲೂ ಅಪ್ಪಾನೇ ಅಂದ. ನಿನ್ನ ವಿಷಯ ಯಾರೂ ಹೇಳ್ಲಿಲ್ಲ."

"ನನ್ನ ವಿಷಯನಾ?"

"ನೀನು ಅಪ್ಪನ ತಮ್ಮ ಅಲ್ವಾ? ನಾವು ಅಮ್ಮನ ಮನೆಗೆ ಹೋದ್ಮೇಲೂ ನೀನು ಚಿಕ್ಕಪ್ಪ ಆಗಿರ್ತೀಯಾ? ನಿನಗೂ ಡೈವೋರ್ಸ್ ಆಗುತ್ತಾ?"

"ನೀನೇ ಹೇಳ್ತೀಯೇನೋ ಅಂತ ಕಾದ್ವಿ," ಎಂದಳು ಜಡ್ಜಮ್ಮ, ಕಿಟಕಿಯ ಕಡೆಯೇ ಮುಖ ಮಾಡಿ. ಈಗ ಅವಳ ದನಿ ತೀರ್ಪು ಕೊಡುವ ದನಿಯಾಗಿರಲಿಲ್ಲ. ಹತ್ತು ವರ್ಷದ ಹುಡುಗಿಯದಾಗಿತ್ತು. "ನೀನೂ ಹೇಳ್ಲಿಲ್ಲ."

ಬೆಳಿಗ್ಗೆಯಿಂದ ತನ್ನ ಎದೆಯಲ್ಲಿ ಇಟ್ಟುಕೊಂಡು ತಿರುಗಿದ ಪ್ರಶ್ನೆಯೇ ಅದು. ಈ ಮಕ್ಕಳೂ ಅದನ್ನು ಹೊತ್ತುಕೊಂಡು ಮೂರು ಸಲ ಐಸ್‌ಕ್ರೀಂ ತಿಂದಿದ್ದರಲ್ಲ ಎಂದು ಅವನಿಗೆ ತಡೆಯಲಾಗಲಿಲ್ಲ. ಹಿಂದಕ್ಕೆ ತಿರುಗಿ ಗುಂಡನನ್ನು ಮುಂದಿನ ಸೀಟಿಗೆ ಎಳೆದುಕೊಂಡ, ಇನ್ನೊಂದು ಕೈಯಲ್ಲಿ ಜಡ್ಜಮ್ಮನ ತಲೆಯನ್ನು ಎದೆಗೆ ಒತ್ತಿಕೊಂಡ. ಜೀವನದಲ್ಲಿ ಮೊದಲ ಸಲ ಅವನ ಬಾಯಿಂದ ಪರವಾಗಿಲ್ಲ ಎಂಬ ಮಾತು ಬರಲಿಲ್ಲ.

"ಚಿಕ್ಕಪ್ಪಂಗೆ ಡೈವೋರ್ಸ್ ಇಲ್ಲ ಕಣ್ರೋ. ಯಾವ ಕೋರ್ಟಲ್ಲೂ ಸಿಗಲ್ಲ. ನೀವು ಯಾವ ಮನೇಲಿದ್ರೂ ಶನಿವಾರ ಬಂದು ಹಾರ್ನ್ ಹೊಡೀತೀನಿ."

"ಪೊರಕೆ ಇರುತ್ತಾ?" ಎಂದ ಗುಂಡ.

"ಇರುತ್ತೆ."

ಮೂವರೂ ಸ್ವಲ್ಪ ಹೊತ್ತು ಅತ್ತರು. ಗುಂಡ ಗಾಜು ಒರೆಸುವ ಹಳದಿ ಬಟ್ಟೆಯಿಂದ ಚಿಕ್ಕಪ್ಪನ ಮುಖ ಒರೆಸಿದ. ಮುಖಕ್ಕೆಲ್ಲ ಗ್ರೀಸ್ ಹತ್ತಿತು.

ಮನೆ ಮುಟ್ಟಿಸಿದಾಗ ಅಣ್ಣ ಅತ್ತಿಗೆ ಇಬ್ಬರೂ ಬಾಗಿಲಲ್ಲೇ ಕಾಯುತ್ತಿದ್ದರು. ಆಣೆಗೆ ಕಟ್ಟುಬಿದ್ದ ಮಕ್ಕಳು ಆಗ ತಾನೇ ಸುದ್ದಿ ಕೇಳಿದವರಂತೆ ಮುಖ ಮಾಡಿ ಒಳಗೆ ಹೋದರು. ಗುಂಡನಂತೂ ಹೊಸ್ತಿಲಲ್ಲಿ ಒಂದು ಬಿಕ್ಕು ಬೇರೆ ಬಿಕ್ಕಿದ. "ಹೇಗೆ ತಗೊಂಡ್ರು?" ಎಂದು ಅತ್ತಿಗೆ ಪಿಸುಗುಟ್ಟಿದಳು. "ಪರವಾಗಿಲ್ಲ," ಎಂದ ಚಿಕ್ಕಪ್ಪ. ಅತ್ತಿಗೆಯ ಗುಟ್ಟು ಅಣ್ಣನಿಗೆ ತಿಳಿಯದಂತೆ, ಅಣ್ಣನ ಗುಟ್ಟು ಅತ್ತಿಗೆಗೆ ತಿಳಿಯದಂತೆ, ಮಕ್ಕಳ ಗುಟ್ಟು ಇಬ್ಬರಿಗೂ ತಿಳಿಯದಂತೆ ಕಾಪಾಡುವ ಹೊಣೆ ಹೊತ್ತು ಅವನು ಕಾರು ಹತ್ತುವಾಗ ಒಳಗೆ ಅಣ್ಣನ ಫೋನು ಹೊಡೆದುಕೊಳ್ಳುತ್ತಿತ್ತು. ಹಾವೂ ಸಾಯದೆ, ಕೋಲೂ ಮುರಿಯದೆ ದಿನ ಮುಗಿಯಿತಲ್ಲ ಎಂದು ಅವನಿಗೆ ಹಗುರಾಯಿತು.

ತನ್ನ ಮನೆಯ ಬಾಗಿಲು ತೆರೆದಾಗ ಮೊದಲು ಕಂಡದ್ದು ನಡುಮನೆಯಲ್ಲಿ ನಿಂತಿದ್ದ ಹಳೆಯ ಮೂರು ಚಕ್ರದ ಸೈಕಲ್ಲು. ಅಟ್ಟದಿಂದ ಇಳಿಸಿ, ಧೂಳು ಹೊಡೆದು, ಎಣ್ಣೆ ಬಿಟ್ಟು ಇಟ್ಟಿತ್ತು. ಅದರ ಪಕ್ಕದಲ್ಲಿ ಅಮ್ಮ. ಅಮ್ಮನ ಪಕ್ಕದಲ್ಲಿ ಟೀಚರಮ್ಮ.

"ಆರು ವರ್ಷದೋನಿಗೆ ಇದು ಆಗುತ್ತೇನೋ?" ಎಂದಳು ಅಮ್ಮ.

ಅವನು ಟೀಚರಮ್ಮನ ಕಡೆ ನೋಡಿದ.

"ಮದುವೆ ಆಗಿದ್ದು ಹೇಳ್ಲಿಲ್ಲ, ಪರವಾಗಿಲ್ಲ. ಮಕ್ಕಳಾಗಿದ್ದು ಹೇಳ್ಲಿಲ್ಲ, ಅದೂ ಪರವಾಗಿಲ್ಲ," ಅಮ್ಮನ ಕಣ್ಣಲ್ಲಿ ನೀರೂ ಇತ್ತು, ಬೆಳಕೂ ಇತ್ತು. "ನಾನು ಸಾಯೋದ್ರೊಳಗೆ ನಿನ್ನ ಮಕ್ಕಳನ್ನ ನೋಡ್ತೀನಿ ಅಂತ ಅಂದ್ಕೊಂಡೇ ಇರ್ಲಿಲ್ಲ ಕಣೋ. ನಮ್ಮ ಜಡ್ಜಮ್ಮ, ಗುಂಡನ ವಯಸ್ಸಿನವೇ ಅಂತೆ! ಒಟ್ಟಿಗೆ ಆಡ್ಕೊಂಡಿರ್ತವೆ. ಆದ್ರೆ ಡೈವೋರ್ಸ್ ಗಿವೋರ್ಸ್ ಅಂದ್ರೆ ನಾನು ಸುಮ್ನಿರಲ್ಲ. ಅದಕ್ಕೇ ನಿನಗೆ ಬುದ್ಧಿ ಹೇಳೋಕೆ ನಿಮ್ಮಣ್ಣ ಅತ್ತಿಗೆಗೆ ಫೋನ್ ಮಾಡಿ ಈಗಿಂದೀಗ್ಲೇ ಬನ್ನಿ ಅಂದಿದೀನಿ. ಸಂಸಾರ ಅಂದ್ರೆ ಏನು ಅಂತ ಅವರನ್ನ ನೋಡಿ ಕಲಿ."

ಅಮ್ಮನ ಆ ಸಂತೋಷದ ಮುಖ ನೋಡಿ, ಅದೆಲ್ಲ ಸುಳ್ಳಮ್ಮ ಎನ್ನಲು ಅವನಿಂದ ಆಗಲಿಲ್ಲ. ಎನ್ನಬೇಕಾದರೆ ನಿಜವನ್ನೂ ಹೇಳಬೇಕಿತ್ತು. ಅಷ್ಟರಲ್ಲಿ ಹೊರಗೆ ಆಟೋ ನಿಂತಿತು.

ಅಣ್ಣ, ಅತ್ತಿಗೆ, ಮಕ್ಕಳು ಒಳಗೆ ಬಂದರು. ಅಣ್ಣ ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿ ತಮ್ಮನ ಕಿವಿಯಲ್ಲಿ, "ಕೈ ಮುಗೀತೀನಿ ಕಣೋ, ಭಾನುವಾರದ ತನಕ ಅದು ನಿಂದೇ ಅಂತ ಇರ್ಲಿ," ಅಂದ. ಹೀಗೆ ಮದುವೆಯಾಗದೆಯೇ ಅವನಿಗೆ ಡೈವೋರ್ಸು ಖಾಯಂ ಆಯಿತು.

ಅಮ್ಮ ಹಿರಿಯ ಮಗ ಸೊಸೆಯನ್ನು ಸೋಫಾದಲ್ಲಿ ಒತ್ತೊತ್ತಾಗಿ ಕೂರಿಸಿದಳು. ಎರಡು ವರ್ಷದಿಂದ ಅವರು ಅಷ್ಟು ಹತ್ತಿರ ಕೂತಿರಲಿಲ್ಲ. "ಹೇಳಪ್ಪ, ನಿನ್ನ ತಮ್ಮಂಗೆ," ಎಂದಳು.

ಅಣ್ಣ ಗಂಟಲು ಸರಿಮಾಡಿಕೊಂಡ. "ಅದು... ಗಂಡ ಹೆಂಡಿರ ಜಗಳ... ಉಂಡು ಮಲಗೋ ತನಕ ಅಂತ..." ಅತ್ತಿಗೆ ಸೆರಗಿನ ತುದಿ ತಿರುವುತ್ತಾ, "ಹೊಂದ್ಕೊಂಡು ಹೋಗ್ಬೇಕು," ಎಂದು ನೆಲಕ್ಕೆ ಹೇಳಿದಳು.

"ನೋಡು, ಕೇಳಿಸ್ಕೊ," ಎಂದಳು ಅಮ್ಮ. ಆಮೇಲೆ ದನಿ ತಗ್ಗಿಸಿದಳು. "ಅಷ್ಟಾಗಿಯೂ ಅವಳಿಗೆ ನಿನ್ನ ಜೊತೆ ಬಾಳೋಕೆ ಆಗಲ್ಲ ಅಂದ್ರೆ, ಆ ಹುಡುಗಿನ ಬೈಬೇಡ. ಅವಳು ಎಲ್ಲಿದ್ರೂ ನನ್ನ ಸೊಸೇನೇ. ಮಕ್ಕಳು ಯಾರ ಮನೇಲಿದ್ರೂ ನಾನು ಅಜ್ಜೀನೇ. ಅಜ್ಜಿಗೇನು ಡೈವೋರ್ಸ್ ಇಲ್ಲ."

ಅತ್ತಿಗೆ ತಟ್ಟನೆ ತಲೆ ಎತ್ತಿ ಅತ್ತೆಯನ್ನು ನೋಡಿದಳು. ಅವಳ ಕಣ್ಣು ತುಂಬಿತು. ಜಡ್ಜಮ್ಮ ಚಿಕ್ಕಪ್ಪನ ಕಡೆ ನೋಡಿ, ಫಸ್ಟ್ ಪ್ರೈಜ್ ಇನ್ನೊಬ್ಬರಿಗೂ ಹಂಚಬೇಕಾಯಿತಲ್ಲ ಎಂಬಂತೆ ಹುಬ್ಬು ಹಾರಿಸಿದಳು. ಚಿಕ್ಕಪ್ಪನಿಗೆ ಎಲ್ಲವನ್ನೂ ಈಗಲೇ ಹೇಳಿಬಿಡೋಣ ಎನಿಸಿತು. ಆದರೆ ಎನಿಸಿದ್ದಷ್ಟೇ.

ಅಮ್ಮ ಸೈಕಲ್ಲಿನ ಗಂಟೆಯನ್ನು ಸೆರಗಿನಿಂದ ಒರೆಸುತ್ತಾ ನಿಟ್ಟುಸಿರಿಟ್ಟಳು. "ಪಾಪ, ಆ ಕೂಸುಗಳಿಗೆ ಇದನ್ನೆಲ್ಲ ಯಾರು ಹೇಳ್ತಾರೋ, ಹೇಗೆ ಹೇಳ್ತಾರೋ."

ಗುಂಡನಿಗೆ ಅಜ್ಜಿಯನ್ನು ಕಂಡು ಕನಿಕರ ಉಕ್ಕಿತು. ಅಜ್ಜಿಗೆ ಹೇಳಬಾರದೆಂದು ಅವನಿಂದ ಯಾರೂ ಆಣೆ ಹಾಕಿಸಿಕೊಂಡಿರಲಿಲ್ಲ. ಅವನು ಸೈಕಲ್ಲಿನ ಮೇಲೆ ಕೂತು ಸಮಾಧಾನ ಹೇಳಿದ, "ಚಿಕ್ಕಪ್ಪಾನೇ ಹೇಳ್ಲಿ ಬಿಡು ಅಜ್ಜಿ. ಚಿಕ್ಕಪ್ಪ ಚೆನ್ನಾಗಿ ಹೇಳ್ತಾನೆ. ನಮಗೆ ಅಮ್ಮ ಹೇಳಿದ್ದಕ್ಕಿಂತ, ಅಪ್ಪ ಹೇಳಿದ್ದಕ್ಕಿಂತ, ಚಿಕ್ಕಪ್ಪ ಹೇಳಿದ್ದೇ ಚೆನ್ನಾಗಿತ್ತು."

ಸೈಕಲ್ಲಿನ ಗಂಟೆ ಟಿಣ್ ಎಂದಿತು. ಟೀಚರಮ್ಮನ ಕನ್ನಡಕ ಮೂಗಿನ ತುದಿಗೆ ಬಂತು.

"ನೀವು ಮೊದ್ಲೇ ಹೇಳ್ಬಿಟ್ಟಿದ್ರಾ?" ಎಂದಳು ಅತ್ತಿಗೆ.

"ನೀನೂ ಹೇಳಿದ್ಯಾ?" ಎಂದ ಅಣ್ಣ.

ಅಮ್ಮ ಮಗನನ್ನು ನೋಡಿದಳು, ಸೊಸೆಯನ್ನು ನೋಡಿದಳು, ಸೋಫಾದಲ್ಲಿ ಆಗಲೇ ಅವರಿಬ್ಬರ ನಡುವೆ ಬಿದ್ದಿದ್ದ ಅಂತರವನ್ನು ನೋಡಿದಳು. "ಏನೋ ಇದು?" ಎಂದು ಕೇಳಿದಳು. ಆ ಕೋಣೆಯಲ್ಲಿದ್ದ ದೊಡ್ಡವರು, ಚಿಕ್ಕವರು ಎಲ್ಲರೂ ಒಬ್ಬನ ಕಡೆ ತಿರುಗಿದರು.

"ನೀನೇ ಹೇಳು ಚಿಕ್ಕಪ್ಪ," ಎಂದಳು ಜಡ್ಜಮ್ಮ ಮೆತ್ತಗೆ. "ಸ್ಟೀರಿಂಗ್ ಕತೇನೇ ಹೇಳು."

ಅವನ ಬಲಗಾಲು ತಾನಾಗಿ ನೆಲವನ್ನು ಒತ್ತಿತು. ಎಷ್ಟು ಒತ್ತಿದರೂ ಏನೂ ನಿಲ್ಲಲಿಲ್ಲ.